ಹೊಲದ ಏರಿ, ಊರಿನ ನೀರು

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಸ್ವಂತ ಖರ್ಚಿನಿಂದ ಹೊಲದೊಳಗೇ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿಕೊಂಡ ರೈತರಿದ್ದಾರೆ. ಅಂಥದ್ದೊಂದು ಏರಿ ಕಟ್ಟಿಸಲು ಹೊರಟ ಅಳಿಯ, ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಸೋದರಮಾವ ಇಬ್ಬರೂ ಕೂತು ಆಡಿದ ಮಾತು ಇದು.

ಅಳಿಯ: ಮಾವ, ಈ ಬ್ಯಾಸಿಗ್ಯಾಗ ಹೊಲದಾಗ ಒಂದು ಕೆರಿ ಕಟ್ಟಿಸಬೇಕಂತ ಮಾಡೀನ್ರಿ. ಕೆಳಗಿನ ಮೂಲಿಯಾಗ ಎರಡೂ ಕಡೆ ದಿಬ್ಬ ಐತಿ. ನಡುವ ಮಣ್ಣಿನ ಏರಿ ಹಾಕಿದ್ರ ಒಂದು ಎಕರೆ ನೀರು ನಿಲ್ತಾವ. ಹಿಟಾಚಿಯವರ ಜೋಡಿ ಮಾತೂ ಆಡೀನಿ.

ಮಾವ: ಕಟ್ಟಿಸು, ಬ್ಯಾಡ ಅನ್ನಂಗಿಲ್ಲ. ಮೊದಲು ಇದು ಹೇಳು. ಆ ಕೆರಿಗೆ ನೀರು ಎಲ್ಲಿಂದ ಬರತಾವ?

ಅಳಿಯ: ಮಳಿ ನೀರು ಬರತಾವ. ಕಾಲುವಿ ಬಿಟ್ಟಾಗ ಅದರಿಂದನೂ ತುಂಬಿಸ್ಕೋತೀನಿ. ತುಂಗಭದ್ರಾ ಎಡದಂಡಿ ಕಾಲುವಿ ಕೆಳಭಾಗದಾಗ ನೆಲ್ಲು ನಾಟಿ ಹಚ್ಚಿ, ತೆನಿ ಬರೂ ಹೊತ್ತಿಗೆ ನೀರು ಬಂದ್ ಆದ್ರ ಏನು ಮಾಡೂದು? 2023ರ ಬರ ನೋಡಿದ್ವಿ. ಮರುವರ್ಷ ಡ್ಯಾಮ್ ತುಂಬಿತು ಅನ್ನೂದ್ರಾಗ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿ ಹೋತು. ಸ್ಟಾಪ್‌ಲಾಗ್ ಅನ್ನೂ ತಾತ್ಕಾಲಿಕ ತಡಿ ಇಳಿಸಿ ನೀರು ನಿಲ್ಲಿಸೂ ಮಟ ಜೀವದಾಗ ಜೀವ ಇರಲಿಲ್ಲ. ಸ್ವಂತದ್ದು ಅಂತ ಒಂದಿಷ್ಟು ನೀರು ಇರಲಿ ಅನ್ನೂದು ತಪ್ಪೇನ್ರಿ?

ಮಾವ: ತಪ್ಪಲ್ಲ. ನಿನ್ನ ಭಯಕ್ಕ ಕಾರಣ ಐತಿ. 1953ರಾಗ ಡ್ಯಾಮ್ ಮುಗಿದಾಗ 133 ಟಿಎಂಸಿ ನೀರು ಹಿಡೀತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದೈತಿ. ಆ ಕೊರತಿ ತುಂಬಿಸಾಕ ನವಲಿ ಹತ್ರ ಸಮತೋಲನ ಜಲಾಶಯ ಮಾಡ್ತೀವಿ ಅನ್ನೂ ಮಾತು ವರ್ಷಗಟ್ಟಲೆ ನಡದೈತಿ. ಮುನಿರಾಬಾದಿನಿಂದ ಕಾಲುವಿ 226 ಕಿ.ಮೀ. ಹರೀತೈತಿ. ಯೋಜನಿ ಮಾಡಿದವರು ಹೆಚ್ಚಿನ ಭೂಮಿಯನ್ನ ಜೋಳ, ಹತ್ತಿಯಂಥ ಕಡಿಮಿ ನೀರಿನ ಬೆಳಿಗೆ ಅಂತ ಗೊತ್ತು ಮಾಡಿದ್ರು. ಆದ್ರ ನೀರು ಕಂಡಲ್ಲೆಲ್ಲ ನೆಲ್ಲು ಬಂತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನಾಟಿ ಹೆಚ್ಚಾದಂಗ ಮಾನ್ವಿ, ಸಿರವಾರ, ರಾಯಚೂರು ಕಡೆ ನೀರು ಮುಟ್ಟೂದು ಕಡಿಮಿ ಆತು. ಕಾಲುವಿಯ 69ನೇ ಮೈಲಿನಾಗ ನೀರಿನ ಗೇಜ್ ಎಷ್ಟೈತಿ ಅಂತ ದಿನಾ ಕೇಳೂ ಪರಿಸ್ಥಿತಿ ಹಂಗ ಹುಟ್ಟಿದ್ದು.

ಅಳಿಯ: ಅದಕ್ಕ ನಾನು ಕೆರಿ ಅಂತೀನಿ. ಮ್ಯಾಲಿನವರೂ ತೋಡಿಸ್ಯಾರ, ಕಾಲುವಿ ಬಿಟ್ಟ ಕೂಡ್ಲೇ ತುಂಬಿಸ್ಕೋತಾರ. ನಾವು ಸುಮ್ಮನ ಕುಂತ್ರ ನಮಗ ಉಳಿಯೂದೇನು?

ಮಾವ: ಇಲ್ಲೇ ನಿಂತು ವಿಚಾರ ಮಾಡು. ಮ್ಯಾಲಿನವ ಕಾಲುವಿ ನೀರು ಕೆರಿಗೆ ಎಳಕೊಂಡಿದ್ದಕ್ಕ ನಿನಗ ಕೆರಿ ಬೇಕಾತು. ನೀ ಎಳಕೊಂಡ್ರ ನಿನ್ನ ಕೆಳಗಿನವಗ ಕೆರಿ ಬೇಕಾಗ್ತೈತಿ. ಅವನ ಕೆಳಗಿನವಗ ಕೆರಿ ತೋಡಿಸೂ ಶಕ್ತಿ ಇಲ್ಲ, ಎರಡು ಎಕರೆಯ ಹಿಡುವಳಿ. ಅವನ ಪಾಲಿಗೆ ಕಾಲುವಿನೂ ಹೋತು, ಕೆರಿನೂ ಇಲ್ಲ. ಕಾಲುವಿಯಿಂದ ತುಂಬೂ ಒಂದೊಂದು ಖಾಸಗಿ ಕೆರಿನೂ ಕೆಳಗೊಂದು ಬರ ಹುಟ್ಟಿಸ್ತೈತಿ. ಅದೂ ಅಲ್ದ, ಕಾಲುವಿಯಿಂದ ಪರವಾನಗಿ ಇಲ್ಲದ ನೀರು ಎತ್ತೂದು 1965ರ ಕರ್ನಾಟಕ ನೀರಾವರಿ ಕಾಯ್ದೆ ಪ್ರಕಾರ ಅಪರಾಧ. 2024ರಾಗ ತಿದ್ದುಪಡಿ ಮಾಡಿ ಶಿಕ್ಷೆ ಇನ್ನೂ ಬಿಗಿ ಮಾಡ್ಯಾರ.

ಅಳಿಯ: ನನ್ನ ಪಾಳಿ ಬಂದಾಗ ನನ್ನ ತೂಬಿನಿಂದ ಬರೂ ನೀರನ್ನ ಹೊಲಕ್ಕ ಬಿಡೂ ಬದಲಿ ಕೆರಿಗೆ ಬಿಟ್ರ? ಪಾಳಿ ನಡುರಾತ್ರಿ ಬಂದ್ರ ಅರ್ಧ ನೀರು ಹಳ್ಳಕ್ಕ ಹೋಗ್ತೈತಿ. ಅದನ್ನ ಹಿಡಿದಿಟ್ಟು ಬೆಳಿಗೆ ಬೇಕಾದಾಗ ಕೊಟ್ರ ಯಾರಿಗೆ ನಷ್ಟ?

ಮಾವ: ಯಾರಿಗೂ ನಷ್ಟ ಇಲ್ಲ, ಒಪ್ತೀನಿ. ನಿನ್ನ ಪಾಳಿ, ನಿನ್ನ ಪಾಲು, ಹಗಲ ಹೊತ್ತಿನಾಗ ಮಂದಿ ಕಣ್ಣಮುಂದ ತುಂಬಿಸ್ಕೊಂಡ್ರ ಅದು ಶಾಣ್ಯಾತನ. ಪಾಳಿ ಮುಗಿದ ಮ್ಯಾಲೂ ಪೈಪು ಕಾಲುವ್ಯಾಗ ಉಳಿತಂದ್ರ ಅದು ಕಸಿಯೂದು. ಎಷ್ಟು ತಗೊಂಡಿ ಅಂತ ಅಳಿಯೂ ವ್ಯವಸ್ಥಿ ಹೊಲದ ತೂಬಿನಾಗ ಇಲ್ಲದ್ದಕ್ಕ ನೀನೇ ಗಡಿ ಹಾಕೋಬೇಕು. ಕಾಲುವಿ ಬದಲಿ ನಿನ್ನ ಕೆರಿಗೆ ಮಳಿ ನೀರೇ ಆಧಾರ ಆಗಲಿ.

ಅಳಿಯ: ವರ್ಷಕ್ಕ 600 ಮಿ.ಮೀ. ಮಳಿ ಬೀಳೂ ನಮ್ಮ ಸೀಮ್ಯಾಗ ಮಳಿ ನೀರಿಗೆ ಕೆರಿ ತುಂಬತೈತೇನ್ರಿ?

ಮಾವ: ಲೆಕ್ಕ ಹಾಕು. ನಿನ್ನ ಮೂಲಿಗೆ ಮ್ಯಾಲಿನ ನೂರು ಎಕರೆ ಹೊಲದ ನೀರು ಇಳೀತೈತಿ ಅಂತ ಹಿಡಿ. ಬಿದ್ದ ಮಳಿಯಾಗ ಹತ್ತರಾಗ ಒಂದು ಪಾಲು ಹರಿದು ಬಂದ್ರೂ ಸುಮಾರು 2.4 ಕೋಟಿ ಲೀಟರ್ ಆತು. ಒಂದು ಎಕರೆ ಅಗಲ, ಹತ್ತು ಅಡಿ ಆಳದ ಕೆರಿ ಹಿಡಿಯೂದು ಅಬ್ಬಬ್ಬಾ ಅಂದ್ರ ಒಂದು ಕೋಟಿ ಲೀಟರ್. ಮಳಿ ಸಾಲದು ಅನ್ನೂ ಚಿಂತಿ ಬ್ಯಾಡ. ಎಲ್ಲಾನೂ ನಾನೇ ಹಿಡೀಬೇಕು ಅನ್ನೂ ಆಸೆನೂ ಬ್ಯಾಡ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಾಗ ಹೊಲದ ಸಣ್ಣ ಡ್ಯಾಮುಗಳು ಬಹಳ. ಅಲ್ಲಿ ಹಲವು ಭಾಗದಾಗ ರೈತ ತನ್ನ ಭೂಮಿ ಮ್ಯಾಲ ಹರಿಯೂ ಮಳಿನೀರಿನ ಸರಾಸರಿಯಾಗ ನೂರಕ್ಕ ಹತ್ತರಷ್ಟನ್ನ ಮಾತ್ರ ಲೈಸೆನ್ಸ್ ಇಲ್ಲದ ಹಿಡಿದಿಟ್ಕೋಬಹುದು. ಉಳಿದದ್ದು ಕೆಳಗಿನ ಹಳ್ಳಕ್ಕ, ಹೊಳಿಗೆ ಸೇರಬೇಕು. ಭೂಮಿ ಸ್ವಂತದ್ದಾದ್ರೂ ಅದರ ಮ್ಯಾಲ ಹರಿಯೂ ನೀರು ಪೂರಾ ಸ್ವಂತದ್ದಲ್ಲ ಅಂತ ಅವರು ಕಾನೂನಿನಾಗ ಬರದಿಟ್ಟಾರ.

ಅಳಿಯ: ನಮ್ಮ ಹೊಲದ ಬಾಜುಕ ಹಳ್ಳ ಹರೀತೈತಲ್ರಿ. ಅದಕ್ಕೇ ಅಡ್ಡ ಏರಿ ಹಾಕಿದ್ರ ಕೆಲಸ ಸಲೀಸು ಆಗ್ತಿತ್ತು.

ಮಾವ: ಹಳ್ಳಕ್ಕ ಕೈ ಹಚ್ಚಬ್ಯಾಡ. ಪಹಣಿ ನೋಡು, ಹಳ್ಳದ ಜಾಗ ಬಿ-ಖರಾಬು ಅಂತ ಇರತೈತಿ. ಅದು ಸಾರ್ವಜನಿಕರದ್ದು. ಹಳ್ಳಕ್ಕ ಕಟ್ಟೂದು ಸರ್ಕಾರದ ಕೆಲಸ. ಮಸ್ಕಿ ಹಳ್ಳಕ್ಕ ಮಾರಲದಿನ್ನಿ ಹತ್ರ ಡ್ಯಾಮ್ ಕಟ್ಟಿದ್ದು ಹಂಗ. ಅಂಥ ಡ್ಯಾಮಿಗೆ ಇಂಜಿನಿಯರು, ಗೇಟು, ಕಾವಲು ಎಲ್ಲಾ ಇರತಾವ. ನಿನ್ನ ಏರಿಗೆ ನೀನೇ ಇಂಜಿನಿಯರು, ನೀನೇ ಕಾವಲುಗಾರ.

ಅಳಿಯ: ಸರ್ಕಾರ ಮಾಡಲಿ ಅಂತ ಕಾದವರ ಗತಿನೂ ಕಂಡೀವಲ್ರಿ. ನಾರಾಯಣಪುರ ಬಲದಂಡಿಯ 5ಎ ಕಾಲುವಿ ಬೇಕಂತ ಪಾಮನಕಲ್ಲೂರಿನಾಗ 2020ರಿಂದ ಹಳ್ಳಿಹಳ್ಳಿ ಮಂದಿ ಧರಣಿ ಕುಂತ್ರು. 2021ರ ಮಸ್ಕಿ ಉಪಚುನಾವಣಿ ಅದೇ ಮಾತಿನ ಮ್ಯಾಲ ನಡೀತು. ಕೃಷ್ಣಾ, ತುಂಗಭದ್ರಾ ಎರಡು ಹೊಳಿ ನಡುವ ಇದ್ದೂ ನಮ್ಮ ಬಾಯಿ ಒಣಗೈತಿ.

ಮಾವ: ಆ ಹೋರಾಟ ನ್ಯಾಯದ್ದು. ಅದನ್ನ ಬಿಡಬಾರದು. ಊರಿಗೆಲ್ಲ ಬರಬೇಕಾದ ಕಾಲುವಿಗೆ ಹೊಲದ ಕೆರಿ ಬದಲಿ ಆಗಂಗಿಲ್ಲ. ಕೆರಿ ಇದ್ದವರು ಧರಣಿ ಬಿಟ್ಟು ಮನಿಗೆ ಹೋದ್ರ ಇಲ್ಲದವರ ದನಿ ಸಣ್ಣದಾಗ್ತೈತಿ. ಅದೂ ನೆನಪಿರಲಿ. ಹಂಗಂತ ಒಬ್ಬೊಬ್ಬರು ಕೆರಿ ಕಟ್ಟೂದು ನಮಗ ಹೊಸದಲ್ಲ. ಹಿಂದ ಕೆರಿ ಕಟ್ಟಿದವಗ, ಒಡದದ್ದನ್ನ ದುರಸ್ತಿ ಮಾಡಿದವಗ ಕಟ್ಟುಕೊಡಗಿ ಅಂತ ಭೂಮಿ ಬಿಟ್ಟುಕೊಡ್ತಿದ್ರು. ನಿರ್ವಹಣಿಗೆ ಬಿತ್ತುವಟ್ಟ ಅನ್ನೂ ದತ್ತಿ ಇತ್ತು. ಕಟ್ಟಿದವ ಒಬ್ಬನಾದ್ರೂ ಅದನ್ನ ಕಾಯೂ ಹೊಣಿ ಊರಿಗೆ ಗೊತ್ತಿರೂವಂಥ ಹೊಣಿ ಆಗಿತ್ತು. ಕಡಪಾ ಜಿಲ್ಲೆಯ ಪೋರುಮಾಮಿಳ್ಳ ಕೆರಿಯ 1369ರ ಶಾಸನ ಐತಿ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರಿ. ಅದರಾಗ ಒಳ್ಳೆ ಕೆರಿಗೆ ಬೇಕಾದ ಹನ್ನೆರಡು ಅಂಗ, ಕೆರಿಗೆ ಬರೂ ಆರು ದೋಷ ಬರದಾರ. ಏರಿಯಾಗ ನೀರು ಸೋರೂದು, ಉಪ್ಪು ಭೂಮಿ, ಎರಡು ರಾಜ್ಯದ ಗಡಿ ಮ್ಯಾಲ ಕೆರಿ ಇರೂದು, ನೀರು ಕಡಿಮಿ ಇದ್ದು ಭೂಮಿ ಜಾಸ್ತಿ ಇರೂದು, ಭೂಮಿ ಕಡಿಮಿ ಇದ್ದು ನೀರು ಜಾಸ್ತಿ ಇರೂದು, ಇವೆಲ್ಲ ದೋಷ. ನಿನ್ನ ಹೊಲಕ್ಕ ಒಂದೊಂದನ್ನೂ ಹಚ್ಚಿ ನೋಡು. ರಾಜ್ಯದ ಗಡಿ ಅಂದಲ್ಲಿ ಬಾಜು ಹೊಲದವನ ಬದು ಅಂತ ಓದ್ಕೊ.

ಅಳಿಯ: ನೀರಿಗೂ ಭೂಮಿಗೂ ಹೊಂದಿಕಿ ಇರಬೇಕು ಅಂತಾತು. ಕೋಟಿ ಲೀಟರ್ ಅಂದ್ರ ನೆಲ್ಲಿಗೆ ಸಾಲಬೇಕಲ್ರಿ?

ಮಾವ: ಸಾಲಂಗಿಲ್ಲ. ಮೊದಲು ಬಿಸಿಲಿನ ಪಾಲು ತೆಗಿ. ದಿನಕ್ಕ 8 ಮಿ.ಮೀ. ಆವಿ ಆದ್ರ ನೂರು ದಿನಕ್ಕ 80 ಸೆಂ.ಮೀ., ಹತ್ತು ಅಡಿ ಕೆರಿಯಾಗ ಎರಡೂವರೆ ಅಡಿ ನೀರು ಸೂರ್ಯಗ ಹೋತು. ಇಂಗೂದು ಬ್ಯಾರೆ. ಹಿಂಗ ಕಳೆದು 50, 60 ಲಕ್ಷ ಲೀಟರ್ ಕೈಗೆ ಸಿಕ್ಕೀತು. ಒಂದು ಎಕರೆ ನೆಲ್ಲಿಗೆ ನಾಟಿಯಿಂದ ಕೊಯಿಲಿನ ಮಟ 48 ಲಕ್ಷದ ಆಸುಪಾಸು ಬೇಕು. ಅಂದ್ರ ಒಂದು ಎಕರೆ ಭೂಮಿ ಮುಳುಗಿಸಿ ಒಂದು ಎಕರೆ ನೆಲ್ಲು ಬೆಳದಂಗ ಆತು. ಅದೇ ನೀರನ್ನ ತೊಗರಿ ಹೂವಾಡೂವಾಗ, ಹತ್ತಿ ಕಾಯಿ ಕಟ್ಟೂವಾಗ, ಜೋಳ ತೆನಿ ಹಾಯೂವಾಗ ಎರಡು ಇಂಚಿನಂಗ ಕೊಡು. ಒಂದು ಎಕರೆಗೆ ಒಂದು ಸಲಕ್ಕ ಎರಡು ಲಕ್ಷ ಲೀಟರ್. ಎಂಟು ಎಕರೆಗೆ ಮೂರು ಸಲ ಕೊಟ್ರ ಅದೇ 48 ಲಕ್ಷ.

ಅಳಿಯ: ಒಂದು ಎಕರೆ ನೆಲ್ಲೋ, ಎಂಟು ಎಕರೆ ಒಣಬೇಸಾಯದ ಬೆಳಿಗೆ ಆಸರೋ, ಹಂಗ ಅಂತೀರಿ.

ಮಾವ: ಹೌದು. 2014ರಾಗ ಸರ್ಕಾರ ಕೃಷಿಭಾಗ್ಯ ಯೋಜನಿ ತಂದಾಗಿನ ವಿಚಾರನೂ ಇದೇ ಇತ್ತು. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ದೊಡ್ಡ ಕೃಷಿ ಹೊಂಡದಾಗೂ ಹಿಡಿಯೂದು ಹತ್ತು ಲಕ್ಷ ಲೀಟರಿನೊಳಗ. ಅದು ಬೆಳಿ ಒಣಗೂ ಹೊತ್ತಿಗೆ ಒಂದೆರಡು ಸಲ ಜೀವ ಉಳಿಸೂ ನೀರು. ನಿನ್ನ ಕೆರಿ ಅದರ ಹತ್ತುಪಟ್ಟು. ನೀರು ಹೆಚ್ಚಾದಂಗ ಏರಿ ಮ್ಯಾಲ ಒತ್ತಡನೂ ಹೆಚ್ಚು.

ಅಳಿಯ: ಏರಿ ಅಂದ್ರ ಮಣ್ಣು ಏರಿಸೂದಲ್ರಿ. ಹಿಟಾಚಿ ನಾಕು ದಿನದಾಗ ಏರಿಸ್ತೈತಿ.

ಮಾವ: ಏರಿಸ್ತೈತಿ, ಗಟ್ಟಿ ಮಾಡಂಗಿಲ್ಲ. ಸುರುವಿದ ಮಣ್ಣಿನಾಗ ಗಾಳಿ ಉಳೀತೈತಿ. ಮೊದಲ ಮಳಿಗೆ ಕುಸೀತೈತಿ. ಮೊದಲು ಏರಿ ಕೂಡ್ರೂ ಜಾಗದಾಗ ಹುಲ್ಲು, ಬೇರು, ಸಡಿಲ ಮಣ್ಣು ತೆಗಿಸು. ಏರಿಯ ನಡುವಿನ ಗೆರಿ ಗುಂಟ ಗರಸು ಸಿಗೂ ಮಟ ಕಂದಕ ತೋಡಿಸು. ಆ ಕಂದಕದಿಂದ ಹಿಡಿದು ಏರಿಯ ನೆತ್ತಿ ಮಟ ನಡುಗೋಡಿಯಂಗ ಅಂಟುಮಣ್ಣು ತುಂಬಿಸು. ಮಣ್ಣು ಹಸಿ ಎಷ್ಟಿರಬೇಕಂದ್ರ, ಉಂಡಿ ಕಟ್ಟಿದ್ರ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ಅರ್ಧ ಅಡಿ ಮಣ್ಣು ಹಾಸೂದು, ರೋಲರ್ ಹೊಡೆಯೂದು, ಮತ್ತ ಅರ್ಧ ಅಡಿ. ಇದಕ್ಕ ಹಿಟಾಚಿಗಿಂತ ರೋಲರ್, ನೀರಿನ ಟ್ಯಾಂಕರ್ ಮುಖ್ಯ.

ಅಳಿಯ: ನಮ್ಮದು ಕರಿ ಎರಿಮಣ್ಣು. ನೀರು ಹಿಡಿಯಾಕ ಅದೇ ಚಲೋ ಅಲ್ಲೇನ್ರಿ?

ಮಾವ: ನೀರು ಹಿಡಿಯೂದರಾಗ ಚಲೋ, ಒಣಗಿದಾಗ ಕೆಟ್ಟದ್ದು. ಎರಿಮಣ್ಣು ಹಸಿಯಾದ್ರ ಉಬ್ಬತೈತಿ, ಒಣಗಿದ್ರ ಕೈ ತೂರೂವಷ್ಟು ಬಿರಿತೈತಿ. ಬ್ಯಾಸಿಗ್ಯಾಗ ಕೆರಿ ಬತ್ತಿದಾಗ ಏರಿ ಬಿರಿದಿರತೈತಿ. ಮುಂಗಾರಿನ ಮೊದಲ ನೀರು ಆ ಬಿರುಕಿನಾಗ ಹೊಕ್ಕು ಹಾದಿ ಮಾಡ್ಕೋತೈತಿ. ಅದಕ್ಕ ಎರಿಮಣ್ಣು ಒಳಗ ಇರಲಿ, ಎರಡೂ ಮೈಗೆ ಗರಸಿನ ಹೊದಿಕಿ ಇರಲಿ. ಲಿಂಗಸುಗೂರು ಕಡೆ ಮಸಾರಿ ಭೂಮಿ ಇದ್ದಲ್ಲಿ ಗರಸಿಗೆ ಬರ ಇಲ್ಲ. ಅಲ್ಲಿಂದ ತರಿಸು. ನೀರಿನ ಮಗ್ಗಲಿಗೆ ಒಂದು ಅಡಿ ಎತ್ತರಕ್ಕ ಮೂರು ಅಡಿ ಇಳಿಜಾರು, ಹೊರಮಗ್ಗಲಿಗೆ ಎರಡು ಅಡಿ. ಒಳಮೈಗೆ ಕಲ್ಲು ಹೊಂದಿಸಿದ್ರ ತೆರಿ ಬಡಿದು ಮಣ್ಣು ಉದುರಂಗಿಲ್ಲ. ಮೊದಲ ವರ್ಷ ಪೂರಾ ತುಂಬಿಸಬ್ಯಾಡ, ಮೂರರಾಗ ಒಂದು ಪಾಲಿಗೆ ನಿಲ್ಲಿಸಿ ನೋಡು. ಹಂಗ ಒಮ್ಮಿಗೇ ಪಂಪು ಹಚ್ಚಿ ಖಾಲಿನೂ ಮಾಡಬ್ಯಾಡ. ತೊಯ್ದ ಒಳಮೈಗೆ ನೀರಿನ ಆಸರ ಗಕ್ಕನ ತಪ್ಪಿದ್ರ ಜಾರಿ ಬೀಳತೈತಿ.

ಅಳಿಯ: ನೀರು ಬಿಡಾಕ ಏರಿ ಬುಡದಾಗ ಒಂದು ಪೈಪು ಹಾಕಸ್ತೀನಿ.

ಮಾವ: ಸಣ್ಣ ಏರಿಗಳು ಸೋಲೂ ಜಾಗಗಳಾಗ ಅದೂ ಒಂದು. ಪೈಪಿನ ಮೈ ನುಣುಪು, ಮಣ್ಣು ಅದಕ್ಕ ಹತ್ತಂಗಿಲ್ಲ. ಆ ಸಂದಿನಾಗ ನೀರು ದಾರಿ ಹುಡುಕ್ತೈತಿ. ಪೈಪಿನ ಸುತ್ತ ನಡುನಡುವ ಕಾಂಕ್ರೀಟಿನ ಪಟ್ಟಿ ಹಾಕಿಸು, ಕೈಯಿಂದ ಗುದ್ದಿಸಿ ಮಣ್ಣು ತುಂಬಿಸು. ಆಗಂಗಿಲ್ಲ ಅನ್ನಿಸಿದ್ರ ಪೈಪೇ ಬ್ಯಾಡ, ಪಂಪಿನಿಂದ ಎತ್ತು. ಆಮ್ಯಾಲ ಏರಿಯ ಹೊರ ಬುಡವನ್ನ ವಾರಕ್ಕೊಮ್ಮೆ ನಡೆದು ನೋಡು. ತಿಳಿ ನೀರು ಜಿನುಗಿದ್ರ ಗುರುತು ಹಾಕಿ ಕಾಯಿ. ಕದಡಿದ ನೀರು ಬಂತಂದ್ರ ಏರಿಯೊಳಗಿನ ಮಣ್ಣೇ ಹೊರಗ ಬರಾಕ ಹತ್ತೈತಿ ಅಂತ ಅರ್ಥ. ಆವಾಗ ಕೆರಿ ಇಳಿಸಬೇಕು, ಕೆಳಗಿನವರಿಗೆ ಹೇಳಿ ಕಳಿಸಬೇಕು. ಇಲಿ, ಏಡಿ ತೋಡಿದ ಬಿಲ ಮುಚ್ಚಿಸು, ಜಾಲಿ ಗಿಡ ಏಳಗೊಡಬ್ಯಾಡ. ಒಣಗಿದ ಬೇರೇ ನೀರಿಗೆ ದಾರಿ ಆಗ್ತೈತಿ.

ಅಳಿಯ: ಇಷ್ಟೆಲ್ಲ ಮಾಡಿದ ಮ್ಯಾಲ ಏರಿ ಒಡೆಯೂದೇ ಇಲ್ಲ ಅಂತೀರೇನು?

ಮಾವ: ಕೋಡಿ ಇಲ್ಲದಿದ್ರ ಇಷ್ಟೂ ಮಾಡಿ ಒಂದು ರಾತ್ರ್ಯಾಗ ಕಳಕೋತಿ. 2009ರ ಸೆಪ್ಟೆಂಬರ್ ಕೊನಿಗೆ, ಅಕ್ಟೋಬರ್ ಮೊದಲಿಗೆ ನಮ್ಮ ಜಿಲ್ಲೆ ಕಂಡ ಮಳಿ ನೆನಪೈತಲ್ಲ? ತೊಯ್ದ ಎರಿ ಭೂಮಿ ಮ್ಯಾಲ 100 ಮಿ.ಮೀ. ಬಿದ್ದು ಅರ್ಧ ಹರಿದು ಬಂದ್ರೂ ನೂರು ಎಕರೆಯಿಂದ ಎರಡು ಕೋಟಿ ಲೀಟರ್, ನಿನ್ನ ಕೆರಿಯ ಎರಡುಪಟ್ಟು. ಮೂರು ತಾಸಿನಾಗ ಬಂತಂದ್ರ ಸೆಕೆಂಡಿಗೆ ಸರಾಸರಿ 2000 ಲೀಟರಿನ ಹತ್ರ ಬರತೈತಿ, ಜೋರು ಹೊತ್ತಿನಾಗ ಅದರ ಎರಡುಪಟ್ಟು. ಅಷ್ಟನ್ನ ದಾಟಿಸಾಕ ಇಪ್ಪತ್ತು ಅಡಿಗಿಂತ ಕಡಿಮಿ ಇಲ್ಲದ ಅಗಲದ ಕೋಡಿ ಬೇಕು. ಅದು ಏರಿ ಮ್ಯಾಲ ಅಲ್ಲ, ಬಾಜು ದಿಬ್ಬದ ಗಟ್ಟಿ ನೆಲದಾಗ ಇರಬೇಕು. ಕೋಡಿ ಮಟ್ಟಕ್ಕಿಂತ ಏರಿಯ ನೆತ್ತಿ ಮೂರು ಅಡಿಗಿಂತ ಮ್ಯಾಲಿರಲಿ. ಮಣ್ಣಿನ ಏರಿ ನೆತ್ತಿ ಮ್ಯಾಲ ನೀರು ಹರೀತಂದ್ರ ಕೊರೆದು ಒಯ್ಯಾಕ ಹೊತ್ತು ಹತ್ತಂಗಿಲ್ಲ.

ಅಳಿಯ: ಕೋಡಿ ನೀರು ಎಲ್ಲಿಗೆ ಬಿಡೂದು? ಕೆಳಗ ಚಿಗವ್ವನ ಹೊಲ ಐತಿ.

ಮಾವ: ಅದನ್ನ ಕೇಳ್ಬೇಕು ಅಂತಲೇ ಇಷ್ಟು ಹೊತ್ತು ಕಾದೆ. ಕೋಡಿಯಿಂದ ಹಳ್ಳದ ಮಟ ನಿನ್ನ ಹೊಲದೊಳಗೇ ಕಾಲುವಿ ತೋಡಿಸು. ನಿನ್ನ ಏರಿ ಜಿನುಗೂದೂ ಆಕಿ ಹೊಲಕ್ಕೇ. ವರ್ಷ ವರ್ಷ ಜಿನುಗಿದ್ರ ಭೂಮಿ ಜವಳಾಗ್ತೈತಿ, ಉಪ್ಪು ಮ್ಯಾಲೆದ್ದು ಬೆಳ್ಳಗಾಗ್ತೈತಿ. ಕಾಲುವಿ ಸೀಮ್ಯಾಗ ಈ ರೋಗ ಎಷ್ಟು ಹಬ್ಬೈತಿ ಅಂದ್ರ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ಇದರ ಮ್ಯಾಲೇ ವರ್ಷಗಟ್ಟಲೆ ಕೆಲಸ ಮಾಡ್ಯಾರ. ಏರಿ ಬುಡಕ್ಕ, ನಿನ್ನ ಬದುವಿನೊಳಗ ಒಂದು ಬಸಿಗಾಲುವಿ ಇರಲೇಬೇಕು. ಬದುವಿಗೆ ಹತ್ತಿ ಏರಿ ಹಾಕಬ್ಯಾಡ.

ಅಳಿಯ: ಅಕಸ್ಮಾತ್ ಒಡೆದು ಆಕಿ ಬೆಳಿ ಹಾಳಾದ್ರ? ದೇವರ ಮಳಿ ಅಂದ್ರ ನಡೀತೈತೇನ್ರಿ?

ಮಾವ: ಇದರ ಮ್ಯಾಲ ಎರಡು ಹಳೇ ತೀರ್ಪು ಅದಾವ. ಇಂಗ್ಲೆಂಡಿನ ಲ್ಯಾಂಕಶೈರಿನಾಗ ರೈಲ್ಯಾಂಡ್ಸ್ ಅನ್ನೂ ಗಿರಣಿ ಮಾಲೀಕ ತನ್ನ ಗಿರಣಿ ಸಲುವಾಗಿ ಕೆರಿ ಕಟ್ಟಿಸಿದ. 1860ರಾಗ ಅದರ ನೀರು ಹಳೇ ಸುರಂಗ ಹೊಕ್ಕು ಫ್ಲೆಚರ್ ಅನ್ನೂವನ ಕಲ್ಲಿದ್ದಲ ಗಣಿ ಮುಳುಗಿಸ್ತು. ಮಾಲೀಕ ಬೇಕಂತ ಮಾಡಿದ್ದಲ್ಲ, ಅವಗ ಸುರಂಗ ಇದ್ದದ್ದೂ ಗೊತ್ತಿರಲಿಲ್ಲ. ಆದ್ರೂ 1868ರಾಗ ಹೌಸ್ ಆಫ್ ಲಾರ್ಡ್ಸ್ ಅವನನ್ನೇ ಹೊಣಿ ಮಾಡ್ತು. ಹೊರಬಿದ್ರ ಹಾನಿ ಮಾಡೂವಂಥದ್ದನ್ನ ಸ್ವಂತ ಉಪಯೋಗಕ್ಕ ಕೂಡಿಹಾಕಿದವ ಆ ಹಾನಿ ಹೊರಬೇಕು ಅಂತ. ಇನ್ನೊಂದು ನಮ್ಮ ಕಡೇದು. ಕಾರ್ವೇಟಿನಗರದ ಜಮೀನ್ದಾರನ ಕೆರಿ ಮಳಿಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಗೆ ಹಾನಿ ಆತು. 1874ರಾಗ ಪ್ರಿವಿ ಕೌನ್ಸಿಲ್ ಜಮೀನ್ದಾರನನ್ನ ಬಿಟ್ಟಿತು. ಯಾಕಂದ್ರ ಆ ಕೆರಿಗಳು ಪೂರ್ವದಿಂದ ಜನರ ಸಲುವಾಗಿ ಇದ್ದವು. ಅವನ್ನ ಕಾಯೂದು ಅವನ ಕರ್ತವ್ಯ ಆಗಿತ್ತು, ಮತ್ತ ಅವ ಅಜಾಗ್ರತಿ ಮಾಡಿರಲಿಲ್ಲ.

ಅಳಿಯ: ನನ್ನ ಕೆರಿ ಯಾವುದರಂಗ ಆತು?

ಮಾವ: ನೀನೇ ಹೇಳು. ನಿನ್ನ ಬೆಳಿ ಸಲುವಾಗಿ ನಿನ್ನ ಹೊಲದಾಗ ಕಟ್ಟಿದ್ದು. ಗಿರಣಿ ಮಾಲೀಕನ ಸಾಲಿನಾಗ ನೀ ನಿಂತಿ. ಎರಡೂ ತೀರ್ಪಿನಿಂದ ನಾನು ಕಲಿತದ್ದಿಷ್ಟು: ನೀರು ಎಷ್ಟು ಸ್ವಂತಕ್ಕ ಇಟ್ಕೊಂಡಿಯೋ ಹೊಣಿನೂ ಅಷ್ಟು ಸ್ವಂತದ್ದು. ಸರ್ಕಾರ ಬಂದು ಪರೀಕ್ಷಿ ಮಾಡ್ತೈತಿ ಅಂತ ಕಾಯಬ್ಯಾಡ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನ, 10ರಿಂದ 15 ಮೀಟರಿನೊಳಗ ಕೆಲವನ್ನ ಅಷ್ಟೇ ನೋಡತೈತಿ. ನಿನ್ನ ಏರಿ ಅದರ ಲೆಕ್ಕದಾಗ ಇಲ್ಲ. ಆದ್ರ ಕೆಳಗ ಮಲಗಿದವರಿಗೆ, ಕಟ್ಟಿದ ದನಕ್ಕ ಹತ್ತು ಅಡಿ ನೀರೂ ಬಹಳ.

ಅಳಿಯ: ಹಂಗಾದ್ರ ನಮ್ಮಂಥವರ ಏರಿ ನೋಡೂವರು ಯಾರು?

ಮಾವ: ಗ್ರಾಮ ಪಂಚಾಯಿತಿ ಒಂದು ಪುಸ್ತಕ ಇಡಲಿ. ಊರ ಸೀಮ್ಯಾಗ ಯಾರ ಹೊಲದಾಗ ಎಷ್ಟು ಎತ್ತರದ ಏರಿ ಐತಿ, ಕೋಡಿ ಎಲ್ಲಿಗೆ ಹೋಗ್ತೈತಿ, ನೀರು ಎಲ್ಲಿಂದ ಬರತೈತಿ, ಕೆಳಗ ಯಾರ್ಯಾರ ಮನಿ ಅದಾವ, ಇಷ್ಟು ಬರಕೊಂಡ್ರ ಸಾಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಕೃಷಿ ಇಂಜಿನಿಯರಿಂಗ್ ಕಾಲೇಜೇ ಐತಿ. ಓದೂ ಹುಡುಗ್ರನ್ನ ಮಳಿಗಾಲದ ಮುಂಚೆ ಕರೆತಂದು ಒಂದೊಂದು ಏರಿ ಅಳಸಬಹುದು. ಅವರಿಗೆ ಪಾಠ, ನಮಗ ಜೀವ. ಇದಕ್ಕ ದೊಡ್ಡ ರೊಕ್ಕ ಬೇಕಿಲ್ಲ, ಯಾರಾದ್ರೂ ಕೇಳಬೇಕು ಅಷ್ಟೇ.

ಅಳಿಯ: ಬರೂ ಗ್ರಾಮಸಭಾದಾಗ ನಾನೇ ಕೇಳ್ತೀನ್ರಿ. ಆದ್ರ ಅದಕ್ಕೂ ಮುಂಚೆ ಚಿಗವ್ವನ್ನ ಕರಕೊಂಡು ಬರತೀನಿ, ಕೋಡಿ ಎಲ್ಲಿ ಇರಬೇಕು ಅಂತ ಆಕಿ ಮುಂದನೇ ಗೂಟ ಹೊಡಿಯೂಣು. ನೆಲ್ಲು ಬಿಟ್ಟೆ, ತೊಗರಿ, ಜೋಳಕ್ಕ ಸಾಕು. ಕಾಲುವಿ ನೀರು ನನ್ನ ಪಾಳಿದಷ್ಟೇ.

ಮಾವ: ಹಿಟಾಚಿಯವಗ ಫೋನ್ ಮಾಡು. ಏರಿಗಿಂತ ಮೊದಲು ಕೋಡಿ ತೋಡಬೇಕಂತ ಹೇಳು. ಬಾಕಿ ಹಣದಾಗ ರೋಲರಿಗೆ ಬಾಡಿಗಿ ತೆಗೆದಿಡು. ಕಂದಕದಾಗ ಗರಸು ಕಂಡ ದಿನ ನನಗ ಹೇಳು, ಮಣ್ಣು ತುಂಬೂ ಮುಂಚೆ ನಾನೂ ಇಳಿದು ನೋಡ್ತೀನಿ.